ನಮ್ಮ ಹೆಣ್ಣುಮಕ್ಕಳೂ ಇಂಜಿನಿಯರಿಂಗ್ ವಿದ್ಯೆಯೂ

(ದಾವಣಗೆರೆಯಲ್ಲಿ ಕಾರ್ಮಿಕರ ಹೆಣ್ಣುಮಕ್ಕಳಿಗಾಗಿ ನಡೆದ ಹತ್ತು ದಿನಗಳ ಬೇಸಿಗೆ ಶಿಬಿರದ ಕೊನೆಯ ದಿನ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಶಿಬಿರದ ಎರಡನೆಯ ದಿನ ಸಾಯಂಕಾಲ ಒಬ್ಬ ತಂದೆ ನಮ್ಮ ಬಳಿಗೆ ಬಂದರು. "ಮೇಷ್ಟ್ರೇ, ಬೇಸಿಗೆ ಶಿಬಿರ ಅಂದ್ರೆ ಹಾಡು, ಕೋಲಾಟ, ರಂಗೋಲಿ ಅಂದ್ಕೊಂಡು ಕಳಿಸಿದ್ದೆ. ಮಗಳು ಮೊಣಕೈ ತನಕ ಗ್ರೀಸು ಬಳ್ಕೊಂಡು ಮನೆಗೆ ಬಂದಿದ್ದಾಳೆ. ಅವರವ್ವ ಬೈತಾ ಇದ್ದಾಳೆ. ಏನಿದು?" ಎಂದು ಕೇಳಿದರು. ಕೇಳಿದವರು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷದಿಂದ ಮೈಯೆಲ್ಲ ಗ್ರೀಸು ಮಾಡಿಕೊಂಡೇ ಮನೆಗೆ ಹೋಗುವವರು! ಅವರ ಗ್ರೀಸು ಅನ್ನಕ್ಕೆ ದಾರಿ, ಮಗಳ ಗ್ರೀಸು ಮಾತ್ರ ಮನೆಗೆ ಮೈಲಿಗೆ. ನಾವು ನಕ್ಕೆವು, ಅವರೂ ನಕ್ಕರು. ಆದರೆ ಅವರು ಕೇಳಿದ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲಿಲ್ಲ. ಇವತ್ತು ಕೊಡಲು ಪ್ರಯತ್ನಿಸುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ನಾವು ಮೇಷ್ಟ್ರಾಗಿದ್ದ ಕಾಲದಲ್ಲಿ ವಿಜ್ಞಾನದ ಪಾಠಕ್ಕೆ ಬ್ಯಾಟರಿ, ತಂತಿ, ಬಲ್ಬು ತರಿಸಿದರೆ, ಜೋಡಿಸಲು ಕರೆಯುತ್ತಿದ್ದುದು ಹುಡುಗರನ್ನು. ಹುಡುಗಿಯರಿಗೆ ಕೊಡುತ್ತಿದ್ದ ಕೆಲಸ, ಜೋಡಿಸಿದ್ದರ ಚಿತ್ರ ಬರೆದು ಬಣ್ಣ ತುಂಬುವುದು. ಶಾಲೆಗೆ ಸಾಹೇಬರು ಬಂದರೆ ಆರತಿ ತಟ್ಟೆ ಹಿಡಿಯುವವರೂ ಅವರೇ. ನಾವು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಯೋಚನೆಯೇ ಇಲ್ಲದೆ ಮಾಡಿದ್ದು. ಹುಡುಗ ಮತ್ತು ಹುಡುಗಿಯ ನಡುವೆ ಒಂದೇ ಸ್ಕ್ರೂಡ್ರೈವರ್ ಇಟ್ಟರೆ ಅದು ಯಾರ ಕೈಗೆ ಹೋಗುತ್ತದೆ ಎಂಬುದು ಮೇಷ್ಟ್ರಾದವರಿಗೆಲ್ಲ ಗೊತ್ತು. ಹೀಗೆ ಹತ್ತು ವರ್ಷ ಕಳೆದ ಮೇಲೆ, "ಹುಡುಗಿಯರಿಗೆ ಯಂತ್ರದ ವಿಚಾರ ತಲೆಗೆ ಹತ್ತುವುದಿಲ್ಲ" ಎಂದು ನಾವೇ ತೀರ್ಪು ಕೊಡುತ್ತೇವೆ. ಮುಟ್ಟಲು ಬಿಡದೆ, ಮುಟ್ಟಲು ಬರುವುದಿಲ್ಲ ಎನ್ನುವುದು ಯಾವ ನ್ಯಾಯ?

ಆದಕಾರಣ ಈ ಶಿಬಿರದಲ್ಲಿ ಹುಡುಗರಿಗೆ ಪ್ರವೇಶ ಇಟ್ಟಿರಲಿಲ್ಲ. ಕೆಲವು ತಮ್ಮಂದಿರಿಗೆ ಇದರಿಂದ ಬೇಸರವಾಯಿತು, ಗೋಡೆ ಹತ್ತಿ ಇಣುಕಿಯೂ ನೋಡಿದರು. ಅವರ ಮೇಲೆ ನಮಗೆ ದ್ವೇಷವಿಲ್ಲ. ಹತ್ತು ದಿನದ ಮಟ್ಟಿಗೆ ಸ್ಕ್ರೂಡ್ರೈವರ್ ಕಸಿದುಕೊಳ್ಳುವವರು ಯಾರೂ ಪಕ್ಕದಲ್ಲಿ ಇರಬಾರದು ಎಂಬುದಷ್ಟೇ ಉದ್ದೇಶ. ಹೆಸರು ಕೊಟ್ಟವರು 31 ಹುಡುಗಿಯರು, ಕೊನೆಯವರೆಗೆ ಉಳಿದವರು 26. ಬಿಟ್ಟುಹೋದ ಐವರ ವಿಚಾರ ಆಮೇಲೆ ಹೇಳುತ್ತೇವೆ.

ನಡೆದದ್ದೇನು ಎಂದು ತಾಯಂದಿರು ತಿಳಿಯಬೇಕು. ಗುಜರಿ ಅಂಗಡಿಯ ನಮ್ಮ ಮಿತ್ರರು ಕೆಟ್ಟುಹೋದ ಆರು ಸೀಲಿಂಗ್ ಫ್ಯಾನುಗಳನ್ನು ದುಡ್ಡಿಲ್ಲದೆ ಕೊಟ್ಟರು. ನಿವೃತ್ತರಾದ ಒಬ್ಬ ಲೈನ್‌ಮನ್ ಅಣ್ಣ ಅವುಗಳನ್ನು ಬಿಚ್ಚಿಸಿದರು. ಒಂದು ಫ್ಯಾನು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕೋಲಿನಿಂದ ಒಮ್ಮೆ ತಳ್ಳಿದರೆ ತಿರುಗುತ್ತಿತ್ತು. ಯಾವ ಕಡೆಗೆ ತಳ್ಳಿದರೆ ಆ ಕಡೆಗೇ! ಎಂಟನೆಯ ತರಗತಿಯ ಒಬ್ಬ ಹುಡುಗಿ ಇದನ್ನು ಮೊದಲು ಗಮನಿಸಿದಳು. ಹಾಗಾದರೆ ಒಳಗೆ ತಳ್ಳುವವರು ಯಾರೋ ಇದ್ದರು, ಅವರು ಈಗ ಇಲ್ಲ, ಅಲ್ಲವೇ ಎಂದು ಕೇಳಿದಳು. ಲೈನ್‌ಮನ್ ಅಣ್ಣ ಕಂಡೆನ್ಸರನ್ನು ತೆಗೆದು ತೋರಿಸಿದರು. ಫ್ಯಾನಿನಲ್ಲಿ ಎರಡು ವೈಂಡಿಂಗ್ ಇರುತ್ತವೆ. ಎರಡಕ್ಕೂ ಕರೆಂಟು ಒಂದೇ ಕಾಲಕ್ಕೆ ಏರಿಳಿದರೆ ಫ್ಯಾನಿಗೆ ಯಾವ ಕಡೆ ತಿರುಗಬೇಕೆಂದು ತಿಳಿಯುವುದಿಲ್ಲ. ಒಂದರ ಕರೆಂಟನ್ನು ಕಂಡೆನ್ಸರು ಸ್ವಲ್ಪ ಮುಂದಕ್ಕೆ ಸರಿಸುತ್ತದೆ, ಆಗ ಒಳಗಿನ ಕಾಂತಶಕ್ತಿ ಸುತ್ತಲಾರಂಭಿಸುತ್ತದೆ. ಹೊಸ ಕಂಡೆನ್ಸರ್ ಹಾಕಿದ ಮೇಲೆ ಫ್ಯಾನು ತಾನಾಗಿಯೇ ಎದ್ದು ತಿರುಗಿತು. ಆಗ ಈ ಶೆಡ್ಡಿನಲ್ಲಿ ಎದ್ದ ಕೂಗು ಪಕ್ಕದ ಬೀದಿಗೂ ಕೇಳಿಸಿತಂತೆ. ಈಗ ನಿಮ್ಮ ತಲೆಯ ಮೇಲೆ ಗಾಳಿ ಬೀಸುತ್ತಿರುವುದು ಅದೇ ಫ್ಯಾನು.

ಅಕ್ಕಿ ಗಿರಣಿಯ ಮನೆಗಳಿಂದ ಬಂದ ಹುಡುಗಿಯರಿಗೆ ಒಂದು ಮನೆಪಾಠ ಕೊಟ್ಟಿದ್ದೆವು: ನಿಮ್ಮ ತಂದೆಯನ್ನು ಕೇಳಿಕೊಂಡು ಬನ್ನಿ, ಭತ್ತದ ಹೊಟ್ಟು ಹೇಗೆ ಬಿಡುತ್ತದೆ? ಮಾರನೆಯ ದಿನ ಬಂದ ಉತ್ತರ ನಮ್ಮ ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು. ಎರಡು ರಬ್ಬರ್ ರೋಲರುಗಳು ಎದುರು ಬದುರು ತಿರುಗುತ್ತವೆ. ಆದರೆ ಎರಡರ ವೇಗ ಒಂದೇ ಅಲ್ಲ, ಒಂದು ಹೆಚ್ಚು, ಒಂದು ಕಡಿಮೆ. ಆ ವ್ಯತ್ಯಾಸದಲ್ಲಿ ಕಾಳಿನ ಸಿಪ್ಪೆ ಸುಲಿಯುತ್ತದೆ. ರಬ್ಬರು ಸವೆದಂತೆ ನಡುವಿನ ಸಂದು ಹೆಚ್ಚುತ್ತದೆ, ಸುಲಿಯದ ಭತ್ತ ಹೊರಬೀಳುತ್ತದೆ, ಆಗ ಸಂದು ಬಿಗಿಮಾಡಬೇಕು. ಹೆಚ್ಚು ಬಿಗಿ ಮಾಡಿದರೆ ನುಚ್ಚು. ಇದನ್ನು ಅಪ್ಪ ಸದ್ದು ಕೇಳಿಯೇ ಹೇಳುತ್ತಾರೆ ಎಂದು ಒಬ್ಬಳು ಎದ್ದು ನಿಂತು ಹೇಳಿದಳು. ಗ್ರೀಸಿನ ವಿಚಾರ ಕೇಳಲು ಬಂದಿದ್ದ ತಂದೆ ಇವರೇ. ಹದಿನೈದು ವರ್ಷದಲ್ಲಿ ಮಗಳು ತನ್ನ ಕೆಲಸದ ವಿಚಾರ ಕೇಳಿದ್ದು ಇದೇ ಮೊದಲ ಸಲ ಎಂದು ಅವರು ನಮಗೆ ಹೇಳಿದರು. ಹೇಳುವಾಗ ಅವರ ದನಿ ಬೇರೆಯಾಗಿತ್ತು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ತಾಯಿಯ ಮಗಳೊಬ್ಬಳು ಶಿಬಿರದಲ್ಲಿದ್ದಳು. ಭಟ್ಟಿಯ ಹೊಗೆ ನಮ್ಮ ಊರಿನವರಿಗೆ ಹೊಸದಲ್ಲ. ಆ ಹೊಗೆಯಲ್ಲಿ ಕುಳಿತು ಮರಳು ಕಾಯಿಸಿ ಅಕ್ಕಿ ಹುರಿಯುವವರ ಕಣ್ಣು, ಎದೆ ಏನಾಗುತ್ತದೆ ಎಂಬುದೂ ಹೊಸದಲ್ಲ. ನಾವು ಈ ವಿಚಾರವಾಗಿ ಅರ್ಜಿ ಬರೆದಿದ್ದೇವೆ, ಮೆರವಣಿಗೆ ಮಾಡಿದ್ದೇವೆ. ಆ ಹುಡುಗಿ ಮಾಡಿದ್ದು ಬೇರೆ. ಎರಡು ಡಬ್ಬಿ ತಂದು ಒಂದಕ್ಕೆ ಗೇಣುದ್ದದ ಕೊಳವೆ, ಇನ್ನೊಂದಕ್ಕೆ ಮೊಳದುದ್ದದ ಕೊಳವೆ ಸಿಕ್ಕಿಸಿದಳು. ಎರಡರೊಳಗೂ ಒಂದೊಂದು ದೀಪ ಹಚ್ಚಿಟ್ಟು, ಕೆಳಗಿನ ತೂತಿನ ಮುಂದೆ ಊದಿನಕಡ್ಡಿ ಹಿಡಿದಳು. ಗಿಡ್ಡ ಕೊಳವೆಯ ಡಬ್ಬಿಯ ಮುಂದೆ ಹೊಗೆ ಅತ್ತಿತ್ತ ಸುಳಿದಾಡಿತು. ಉದ್ದ ಕೊಳವೆಯದು ಹೊಗೆಯನ್ನು ಎಳೆದುಕೊಂಡಿತು. ಬಿಸಿ ಗಾಳಿ ಹಗುರ, ಮೇಲಕ್ಕೇರುತ್ತದೆ. ಬಿಸಿಗಾಳಿಯ ಕಂಬ ಎತ್ತರವಾದಷ್ಟೂ ಸೆಳೆತ ಹೆಚ್ಚು. "ಹಾಗಾದ್ರೆ ನಮ್ಮವ್ವನ ಭಟ್ಟಿಗೆ ಚಿಮಣಿ ಎಷ್ಟು ಎತ್ತರ ಇರಬೇಕು ಸಾರ್?" ಎಂದು ಕೇಳಿದಳು. ನಾವು ಓದಿದ್ದು ಮೆಟ್ರಿಕ್, ಲೆಕ್ಕ ಗೊತ್ತಾಗಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆವು. ಆ ಲೆಕ್ಕ ಕಲಿಸುವ ಶಾಲೆ ಯಾವುದು ಎಂದು ಅವಳು ಕೇಳಿದಳು. ಅಂಥ ಶಾಲೆ ಇದೆ ಎಂದೆವು.

ಇದೆ, ಬಂಧುಗಳೇ, ನಮ್ಮ ಊರಿನಲ್ಲೇ ಇದೆ. ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1951ರಲ್ಲಿ. ಇದು ಹತ್ತಿ ಗಿರಣಿಗಳ ಊರೆಂದು ನಾಡಿಗೆಲ್ಲ ಹೆಸರಾಗಿದ್ದ ಕಾಲ. ಆ ದೊಡ್ಡ ಗಿರಣಿಗಳು ಮುಚ್ಚಿದವು, ಸೈರನ್ನು ನಿಂತಿತು, ಕಾಲೇಜು ಉಳಿದಿದೆ. ಈ ಎಪ್ಪತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ನಮ್ಮ ಕೇರಿಗಳಿಂದ ಆ ಗೇಟಿನೊಳಕ್ಕೆ ಹೋದವರು ಯಾರು ಯಾರು ಎಂದು ಲೆಕ್ಕ ಹಾಕಿ ನೋಡಿ. ಗಾರೆ ಕೆಲಸಕ್ಕೆ ಹೋದವರನ್ನು ಬಿಟ್ಟು ಲೆಕ್ಕ ಹಾಕಿ.

ಹೆಣ್ಣುಮಕ್ಕಳು ಈ ವಿದ್ಯೆ ಕಲಿತದ್ದು ನಿನ್ನೆ ಮೊನ್ನೆಯ ಮಾತಲ್ಲ. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿಗೆ 1940ರಲ್ಲಿ ಎ. ಲಲಿತಾ ಎಂಬುವರು ಸೇರಿದರು. ಅವರಿಗೆ ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವೈಧವ್ಯ, ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಆ ಕಾಲದ ಸಂಪ್ರದಾಯದ ಮನೆಯಲ್ಲಿ ಇಂಥ ಹುಡುಗಿಗೆ ಏನಾಗುತ್ತಿತ್ತು ಎಂದು ಇಲ್ಲಿರುವ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ಅವರು ಓದಿದ್ದು ಎಲೆಕ್ಟ್ರಿಕಲ್. ಅವರ ಜೊತೆಗೆ ಸಿವಿಲ್ ಓದಲು ಮತ್ತಿಬ್ಬರು ಬಂದರು, ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್. ಪದವಿ ಪತ್ರದಲ್ಲಿ 'ಅವನು' ಎಂದೇ ಅಚ್ಚಾಗಿತ್ತಂತೆ, ಅದನ್ನು ಹೊಡೆದು 'ಅವಳು' ಎಂದು ತಿದ್ದಿ ಕೊಡಬೇಕಾಯಿತು! ಲಲಿತಾ ಅವರು ಜಮಾಲ್ಪುರದ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತರು, ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲೂ ಅವರ ಕೈ ಇತ್ತು. ತ್ರೇಸ್ಯಾ ಅವರು 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

ನಮ್ಮ ನಾಡಿನ ಮಾತಿಗೆ ಬಂದರೆ ರಾಜೇಶ್ವರಿ ಚಟರ್ಜಿಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ವಿಜ್ಞಾನ ಮಂದಿರ ಸೇರಿ, ಅಮೆರಿಕದ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದು ಅದೇ ಮಂದಿರದಲ್ಲಿ ಪಾಠ ಹೇಳಿದರು. ರಾಡಾರ್‌ಗೆ ಬೇಕಾದ ಮೈಕ್ರೋವೇವ್, ಆಂಟೆನಾಗಳ ವಿದ್ಯೆಯಲ್ಲಿ ಅವರದು ದೊಡ್ಡ ಹೆಸರು. ಇನ್ನು ನಮ್ಮ ನೆರೆಯ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಸುಧಾ ಮೂರ್ತಿಯವರು ಓದಿದ ಕಥೆಯನ್ನು ನೀವು ಅವರ ಬಾಯಿಂದಲೇ ಕೇಳಿದ್ದೀರಿ. ಇಡೀ ಕಾಲೇಜಿಗೆ ಒಬ್ಬಳೇ ಹುಡುಗಿ, ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು. ಹೆಣ್ಣುಮಕ್ಕಳಿಗೆ ಶೌಚಾಲಯವೇ ಇಲ್ಲ. 1974ರಲ್ಲಿ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಕೂಡದೆಂದು ಬರೆದಿದ್ದನ್ನು ಕಂಡು, ಅವರು ಕೋಪದಿಂದ ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಕಾರ್ಡು ಬರೆದು ಹಾಕಿದರು. ಕೆಲಸ ಸಿಕ್ಕಿತು.

ಈ ಹೆಸರುಗಳನ್ನು ನಾವು ಗೌರವದಿಂದ ಹೇಳುತ್ತೇವೆ. ಆದರೆ ಕಾರ್ಮಿಕರ ಸಭೆಯಲ್ಲಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ಲಲಿತಾ ಅವರ ತಂದೆ ಅದೇ ಗಿಂಡಿ ಕಾಲೇಜಿನಲ್ಲಿ ಪ್ರೊಫೆಸರ್. ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪ, ಹಳೆಯ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಸುಧಾ ಅವರ ತಂದೆ ವೈದ್ಯರು. ಆ ಮನೆಗಳಲ್ಲಿ ಊಟಕ್ಕೆ ಕುಳಿತಾಗಲೇ ಕಾಲೇಜಿನ ಮಾತು ನಡೆಯುತ್ತಿತ್ತು. ಅರ್ಜಿ ಎಲ್ಲಿ ಸಿಗುತ್ತದೆ, ಯಾರನ್ನು ಕಂಡರೆ ಆಗುತ್ತದೆ, ಪ್ರಿನ್ಸಿಪಾಲರು ಬೇಡವೆಂದರೆ ಏನು ಹೇಳಬೇಕು ಎಂದು ಬಲ್ಲವರು ಮನೆಯಲ್ಲೇ ಇದ್ದರು. ನಮ್ಮ ಹುಡುಗಿಗೆ ಯಾರಿದ್ದಾರೆ? ಎರಡನೇ ಪಾಳಿಯಿಂದ ಮಧ್ಯರಾತ್ರಿ ಬರುವ ಅಪ್ಪ, ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅವ್ವ. ಪ್ರೊಫೆಸರನ ಮನೆ ತನ್ನ ಮಗಳಿಗೆ ಹದಿನಾರು ವರ್ಷದಲ್ಲಿ ಕೊಡುವುದನ್ನು ನಾವು ಹತ್ತು ದಿನದಲ್ಲಿ, ಈ ತಗಡಿನ ಶೆಡ್ಡಿನಲ್ಲಿ ಕೊಡಲು ಹೊರಟಿದ್ದೇವೆ. ಪೂರ್ತಿ ಕೊಡಲಾಗುವುದಿಲ್ಲ ಎಂಬುದು ನಮಗೆ ಗೊತ್ತು. ಬಾಗಿಲು ಎಲ್ಲಿದೆ ಎಂದಾದರೂ ತೋರಿಸಬಹುದು.

ಇದು ನಮ್ಮ ತಲೆಯಿಂದಲೇ ಹುಟ್ಟಿದ ಯೋಜನೆ ಎಂದು ಹೇಳಿಕೊಳ್ಳುವುದಿಲ್ಲ. ಜರ್ಮನಿಯಲ್ಲಿ 2001ರಿಂದ ವರ್ಷಕ್ಕೊಂದು ದಿನ ಹುಡುಗಿಯರನ್ನು ಕಾರ್ಖಾನೆಗಳಿಗೆ, ಪ್ರಯೋಗಶಾಲೆಗಳಿಗೆ ಕರೆದೊಯ್ಯುವ ಪದ್ಧತಿ ಇದೆ. ಅಮೆರಿಕದಲ್ಲಿ ರೇಷ್ಮಾ ಸೌಜಾನಿ ಎಂಬ ಭಾರತೀಯ ಮೂಲದ ಹೆಣ್ಣುಮಗಳು 2012ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ 20 ಹುಡುಗಿಯರನ್ನು ಕೂಡಿಸಿ ಕಂಪ್ಯೂಟರ್ ವಿದ್ಯೆಯ ಶಿಬಿರ ಆರಂಭಿಸಿದರು, ಈಗ ಅದು ಬಹಳ ದೊಡ್ಡದಾಗಿ ಬೆಳೆದಿದೆ. ಅಲ್ಲಿ ದೊಡ್ಡ ಕಂಪನಿಗಳ ಹಣವಿದೆ. ಕಂಪನಿಗಳಿಗೆ ಕೆಲಸಗಾರರು ಬೇಕು, ಆದ್ದರಿಂದ ಕೊಡುತ್ತವೆ, ನಾವು ಅಷ್ಟು ಮುಗ್ಧರಲ್ಲ. ನಮ್ಮ ಕೇಂದ್ರ ಸರ್ಕಾರವೂ 2019ರಲ್ಲಿ 'ವಿಜ್ಞಾನ ಜ್ಯೋತಿ' ಎಂಬ ಕಾರ್ಯಕ್ರಮವನ್ನು ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗಾಗಿ ನವೋದಯ ವಿದ್ಯಾಲಯಗಳ ಮೂಲಕ ತೆಗೆಯಿತು. ಐ.ಐ.ಟಿ.ಗಳಲ್ಲಿ ಹುಡುಗಿಯರು ನೂರಕ್ಕೆ ಹತ್ತೂ ಇಲ್ಲದ ಸ್ಥಿತಿ ಇದ್ದಾಗ, 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟುಗಳನ್ನು ಕೊಟ್ಟು ಎರಡು ಮೂರು ವರ್ಷಗಳಲ್ಲೇ ಐದರಲ್ಲಿ ಒಂದಕ್ಕೆ ತಂದರು. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೂ 2020-21ರ ಸಮೀಕ್ಷೆಯಲ್ಲಿ ದೇಶದ ಬಿ.ಟೆಕ್. ವಿದ್ಯಾರ್ಥಿಗಳಲ್ಲಿ ಹುಡುಗಿಯರು ನೂರಕ್ಕೆ ಸುಮಾರು 29 ಮಾತ್ರ. ಅವರೂ ಹೆಚ್ಚಾಗಿ ಕಂಪ್ಯೂಟರಿನ ಕಡೆಗೆ. ಮೆಕ್ಯಾನಿಕಲ್ ತರಗತಿಗೆ ಹೋಗಿ ನೋಡಿದರೆ ಹುಡುಗಿಯರನ್ನು ಬೆರಳಲ್ಲಿ ಎಣಿಸಬೇಕು.

ಪೇಟೆಗಳಲ್ಲಿ ಈಗ ಬೇಸಿಗೆ ಶಿಬಿರವೆಂಬುದೂ ಒಂದು ವ್ಯಾಪಾರ. ಸಾವಿರಾರು ರೂಪಾಯಿ ಕಟ್ಟಿಸಿಕೊಂಡು, ಪೆಟ್ಟಿಗೆಯಲ್ಲಿ ಬಂದ ರೋಬಾಟಿನ ಬಿಡಿಭಾಗ ಜೋಡಿಸಿ, ಫೋಟೋ ತೆಗೆದು, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಜೂನ್ ಬಂದರೆ ಎಲ್ಲ ಮರೆತುಹೋಗುತ್ತದೆ. ನಾವೂ ಇವತ್ತು ಫೋಟೋ ತೆಗೆಸಿಕೊಂಡು ಮನೆಗೆ ಹೋದರೆ ಅವರಿಗೂ ನಮಗೂ ವ್ಯತ್ಯಾಸವೇನು? ಅವರದು ಹಣದ ತಮಾಷೆ, ನಮ್ಮದು ಬಡವರ ತಮಾಷೆ.

ಆದುದರಿಂದ ಮುಂದಿನ ದಾರಿಯ ಮಾತು. ಇಂಜಿನಿಯರಿಂಗ್ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಪಿ.ಯು.ಸಿ., ಟ್ಯೂಷನ್, ಸಿ.ಇ.ಟಿ., ಲಕ್ಷಗಟ್ಟಲೆ ಫೀಜು. ಇನ್ನೊಂದು ದಾರಿ ಇದೆ. ಎಸ್.ಎಸ್.ಎಲ್.ಸಿ. ಆದ ಮೇಲೆ ನೇರವಾಗಿ ಪಾಲಿಟೆಕ್ನಿಕ್, ಮೂರು ವರ್ಷದ ಡಿಪ್ಲೊಮಾ. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಶುಲ್ಕ ಕಡಿಮೆ, ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರಿ ಪಾಲಿಟೆಕ್ನಿಕ್ಕುಗಳೂ ರಾಜ್ಯದಲ್ಲಿವೆ. ಡಿಪ್ಲೊಮಾ ಮುಗಿಸಿದವರು ಕೆಲಸಕ್ಕೂ ಹೋಗಬಹುದು, ಪರೀಕ್ಷೆ ಬರೆದು ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೆ ನೇರವಾಗಿಯೂ ಸೇರಬಹುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 'ಪ್ರಗತಿ' ಎಂಬ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇದೆ: ವರ್ಷಕ್ಕೆ 50,000 ರೂಪಾಯಿ, ಮನೆಯ ವರಮಾನ 8 ಲಕ್ಷದ ಒಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಕೇಳಿದವರಿಗೆಲ್ಲ ಸಿಗುವುದಿಲ್ಲ, ಅಂಕದ ಮೇಲೆ ಆಯ್ಕೆ. ಆದರೆ ಕೇಳದವರಿಗೆ ಖಂಡಿತ ಸಿಗುವುದಿಲ್ಲ. ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿ ಕೂಡ ಕಾರ್ಮಿಕರ ಮಕ್ಕಳ ಓದಿಗೆ ಸಹಾಯ ಕೊಡುತ್ತದೆ, ನಮ್ಮಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದೀರಿ? ಬಸ್ಸಿನ ಚಾರ್ಜು ಎನ್ನುವ ಮಾತಂತೂ ಬೇಡ. 2023ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ.

ಅಂಗಡಿ ಬೀದಿಯ ಮಿತ್ರರೊಬ್ಬರು ಒಂದು ಆಕ್ಷೇಪಣೆ ತೆಗೆದರು. ಮಗಳನ್ನು ಇಂಜಿನಿಯರ್ ಮಾಡಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಹುಡುಕಬೇಕು, ಹೆಚ್ಚು ಓದಿದವನು ಹೆಚ್ಚು ಕೇಳುತ್ತಾನೆ, ಓದಿಗೂ ಖರ್ಚು ಮದುವೆಗೂ ಖರ್ಚು ಎಂದರು. ವ್ಯಾಪಾರಸ್ಥರಾಗಿ ಅವರು ಲೆಕ್ಕ ಮುಂದಿಟ್ಟರು, ಆ ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಖಾತೆಯ ಒಂದೇ ಕಡೆ ಬರೆದಿದ್ದಾರೆ. ಮಗಳು ದುಡಿದು ತರುವುದನ್ನು ಜಮಾ ಕಡೆ ಬರೆದೇ ಇಲ್ಲ. ಕೆಟ್ಟ ಗಂಡನ ಮನೆಯಿಂದ ಎದ್ದು ಬರಬೇಕಾದ ದಿನ ಬಂದರೆ ಕೈಯಲ್ಲಿರುವ ವಿದ್ಯೆಯ ಬೆಲೆ ಎಷ್ಟೆಂದೂ ಬರೆದಿಲ್ಲ. ಲಲಿತಾ ಅವರ ವಿಚಾರದಲ್ಲಿ ಗಂಡ ಕೆಟ್ಟವನಾಗಿರಲಿಲ್ಲ, ಬದುಕಲಿಲ್ಲ ಅಷ್ಟೆ. ಹಾಗೆಂದು ಓದಿದವರಿಗೆಲ್ಲ ಕೆಲಸ ಕಾದು ಕುಳಿತಿದೆ ಎಂದು ಸುಳ್ಳು ಆಶೆ ತೋರಿಸುವುದಿಲ್ಲ. ಬಿ.ಇ. ಮಾಡಿ ಕೆಲಸವಿಲ್ಲದೆ ಅಲೆಯುವ ಗಂಡುಹುಡುಗರು ನಮ್ಮ ಬೀದಿಯಲ್ಲೇ ಇದ್ದಾರೆ. ಕೆಲಸಕ್ಕಾಗಿ ಹೋರಾಡುವುದು ಬೇರೆ ಇದ್ದೇ ಇದೆ. ಕೆಲಸ ಕಡಿಮೆ ಎಂದು ಹುಡುಗನ ಓದನ್ನು ಯಾರೂ ನಿಲ್ಲಿಸುವುದಿಲ್ಲ, ಹುಡುಗಿಯದನ್ನು ಮಾತ್ರ ನಿಲ್ಲಿಸುತ್ತೇವೆ.

ಈಗ ಬಿಟ್ಟುಹೋದ ಐವರ ವಿಚಾರ. ಇಬ್ಬರು ಊರಿಗೆ ಹೋದರು, ಒಬ್ಬಳಿಗೆ ಜ್ವರ. ನಾಲ್ಕನೆಯವಳು ಭಟ್ಟಿಯ ಹುಡುಗಿ, ಡಬ್ಬಿ ತಂದವಳೇ. ಏಳನೆಯ ದಿನದಿಂದ ಬರಲಿಲ್ಲ. ಅವಳ ತಾಯಿಗೆ ಕೆಮ್ಮು ಹೆಚ್ಚಾಗಿದೆ, ಅವಳು ತಾಯಿಯ ಜಾಗದಲ್ಲಿ ಕೂತಿದ್ದಾಳೆ. ನಿನ್ನೆ ಸಂಜೆ ಹೋಗಿ ಕಂಡೆವು. ಕಣ್ಣು ಕೆಂಪಾಗಿತ್ತು. "ಆ ಚಿಮಣಿ ಲೆಕ್ಕ ಗೊತ್ತಾಯ್ತಾ ಸಾರ್?" ಎಂದು ಕೇಳಿದಳು.

ಐದನೆಯವಳ ತಂದೆ ಈ ಸಭೆಯಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ. ಹುಡುಗಿ ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ, ಗಣಿತದಲ್ಲಿ ನಮಗಿಂತ ಚುರುಕು. ಮನೆಯಲ್ಲಿ ಮದುವೆಯ ಮಾತು ನಡೆದಿದೆ. ಅಣ್ಣ, ಹುಡುಗಿಗೆ ಈಗ ಹದಿನಾರು. ಕಾನೂನು ಹದಿನೆಂಟು ಎನ್ನುತ್ತದೆ ಎಂದು ಹೇಳಿ ಹೆದರಿಸಲು ನಾವು ಬಂದಿಲ್ಲ, ಅದು ನಿಮಗೂ ಗೊತ್ತು. ನಾವು ಕೇಳುವುದು ಮೂರು ವರ್ಷ. ಡಿಪ್ಲೊಮಾ ಮುಗಿದಾಗ ಅವಳಿಗೆ ಹತ್ತೊಂಬತ್ತು. ಗಂಡಿನ ಕಡೆಯವರಿಗೆ ಹೇಳಲು ಕಷ್ಟವಾದರೆ ನಮ್ಮ ಹೆಸರು ಹೇಳಿ, ಮೇಷ್ಟ್ರು ಬಿಡಲಿಲ್ಲ ಎನ್ನಿ. ಬೈಗುಳ ನಮಗೆ ಹೊಸದಲ್ಲ.

ಮತ್ತೊಂದು ವಿಚಾರ ಸಂಘದ ಸದಸ್ಯರಿಗೆ. ಬರುವ ಭಾನುವಾರ ಕಾರ್ಯಕಾರಿ ಸಮಿತಿಯ ಸಭೆ ಇದೆ. ಈ 26 ಹುಡುಗಿಯರಲ್ಲಿ ಈ ವರ್ಷ ಪಾಲಿಟೆಕ್ನಿಕ್‌ಗೆ ಸೇರಬಲ್ಲವರು ಆರು ಮಂದಿ, ಮದುವೆಯ ಮಾತು ನಿಂತರೆ ಏಳು. ವಿದ್ಯಾರ್ಥಿವೇತನ ಕೈಗೆ ಬರುವುದು ತಡವಾಗುತ್ತದೆ, ಮೊದಲ ಕಂತಿನ ಶುಲ್ಕ ಮುಂಚೆಯೇ ಕಟ್ಟಬೇಕು. ಅದನ್ನು ಸಂಘದ ನಿಧಿಯಿಂದ ಸಾಲವಾಗಿ ಕೊಡಬೇಕೆಂದು ನಾವು ಗೊತ್ತುವಳಿ ತರುತ್ತೇವೆ. ನಿಧಿ ಇರುವುದು ಮುಷ್ಕರದ ಕಾಲಕ್ಕೆ ಎಂದು ಕೆಲವರು ಹೇಳುತ್ತಾರೆಂದು ತಿಳಿದಿದೆ. ಆ ಮಾತಿನಲ್ಲೂ ಅರ್ಥವಿದೆ, ಸಭೆಗೆ ಬಂದು ಹೇಳಿ, ವಾದ ಮಾಡೋಣ. ಮನೆಯಲ್ಲಿ ಕುಳಿತು ಹೇಳಬೇಡಿ.

ಭಟ್ಟಿಯ ಹುಡುಗಿಗೆ ಇನ್ನೂ ಒಂಬತ್ತನೆಯ ತರಗತಿ. ಜೂನ್‌ನಲ್ಲಿ ಅವಳು ಶಾಲೆಯಲ್ಲಿರಬೇಕು. ತಾಯಿಯನ್ನು ಆಸ್ಪತ್ರೆಗೆ ತೋರಿಸುವ ಹೊಣೆಯನ್ನು ನಮ್ಮ ಮಹಿಳಾ ಸದಸ್ಯರು ಇಬ್ಬರು ಹೊತ್ತಿದ್ದಾರೆ. ಚಿಮಣಿಯ ಲೆಕ್ಕ ಮಾಡಿಕೊಡಲು ಡಿಪ್ಲೊಮಾ ಓದುತ್ತಿರುವ ಒಬ್ಬ ಅಕ್ಕ ಒಪ್ಪಿದ್ದಾಳೆ. ಭಟ್ಟಿಯ ಅಳತೆ ತೆಗೆಯಲು ಮಾಲೀಕರು ಒಳಗೆ ಬಿಡಬೇಕು. ಬಿಡುತ್ತಾರೆ ಎಂದುಕೊಂಡಿದ್ದೇವೆ. ಬಿಡದಿದ್ದರೆ ಹುಡುಗಿಗೇ ಟೇಪು ಕೊಟ್ಟು ಕಳಿಸುತ್ತೇವೆ.

ಪಾಲಿಟೆಕ್ನಿಕ್ಕಿನ ಅರ್ಜಿ ತುಂಬುವವರು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇದೇ ಶೆಡ್ಡಿಗೆ ಬನ್ನಿ. ಅಂಕಪಟ್ಟಿ, ಆಧಾರ್, ಜಾತಿ ಮತ್ತು ವರಮಾನದ ಪತ್ರ ತನ್ನಿ. ವರಮಾನದ ಪತ್ರ ಇಲ್ಲದವರು ನಾಳೆಯೇ ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ, ತಡಮಾಡಬೇಡಿ. ತಂದೆಯೋ ತಾಯಿಯೋ ಒಬ್ಬರು ಜೊತೆಗೆ ಬಂದರೆ ಸಾಕು. ಬೀಗದ ಕೈ ನಮ್ಮ ಹತ್ತಿರವೇ ಇರುತ್ತದೆ.